ನಿಮ್ಮ ಕೋರ್ಸ್ ಮುಗಿಸಿದವರಿಗೆ ದೂರು ಎಲ್ಲಿ ಕೊಡಬೇಕೆಂದೇ ಗೊತ್ತಿಲ್ಲ

ನಮಸ್ಕಾರ,

ಲೈಂಗಿಕ ಕಿರುಕುಳ ತಡೆ ಬಗ್ಗೆ ನೀವು ನಮಗೆ ಮಾಡಿಕೊಟ್ಟ ಆನ್‌ಲೈನ್ ತರಬೇತಿಯ ಮೇಲೆ ಈ ದೂರು. ಫೋನಿನಲ್ಲಿ ಎರಡು ಸಲ ಹೇಳಿದ್ದೆ. "ನೋಟ್ ಮಾಡ್ಕೊಂಡಿದೀವಿ ಮೇಡಂ" ಅಂದಿರಿ, ಅಷ್ಟೇ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಾನು ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್‌ನಲ್ಲಿ ವೆಲ್ಫೇರ್ ಆಫೀಸರ್. ಇಲ್ಲಿ ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ಆರ್ಡರ್ ಕೊಡುವಾಗಲೇ ಇದನ್ನು ಹೇಳಿದ್ದೆ, ನಿಮ್ಮವರು ಒಂದು ದಿನ ಬಂದು ಹೊಲಿಗೆ ಲೈನ್ ನೋಡಿಕೊಂಡೂ ಹೋಗಿದ್ದರು. ಆದರೂ ಕೋರ್ಸಿನಲ್ಲಿ ಇರುವುದು ಗಾಜಿನ ಕ್ಯಾಬಿನ್, ಲ್ಯಾಪ್‌ಟಾಪ್, ಕೋಟು ಹಾಕಿದ ಮ್ಯಾನೇಜರ್, ರಾತ್ರಿ ಹೊತ್ತು ಬರುವ ಇಮೇಲ್. ನಮ್ಮ ಟೈಲರ್‌ಗೆ ಇಮೇಲ್ ಯಾರು ಕಳಿಸುತ್ತಾರೆ? ಹೊಲಿಗೆ ನೋಡುವ ನೆಪದಲ್ಲಿ ಸೂಪರ್‌ವೈಸರ್ ಹಿಂದಿನಿಂದ ಬಗ್ಗಿ ಭುಜದ ಮೇಲೆ ಕೈ ಇಡುವುದು, ಟಾರ್ಗೆಟ್ ಮುಟ್ಟದಿದ್ದರೆ ಇಡೀ ಲೈನಿಗೆ ಕೇಳುವ ಹಾಗೆ ಹೊಲಸು ಮಾತಾಡುವುದು, "ನನ್ ಮಾತು ಕೇಳಿದ್ರೆ ಸುಲಭದ ಕೆಲ್ಸ ಕೊಡ್ತೀನಿ" ಅನ್ನುವುದು, ಇಂಥವು ಗಾರ್ಮೆಂಟ್ಸ್‌ನಲ್ಲಿ ನಡೆಯುತ್ತವೆ. ಇದರಲ್ಲಿ ಒಂದೂ ನಿಮ್ಮ ಕೋರ್ಸಿನಲ್ಲಿಲ್ಲ.

ಕೋರ್ಸ್ 52 ನಿಮಿಷ. ನಮ್ಮ ಊಟದ ಬಿಡುವು 30 ನಿಮಿಷ. ಮಧ್ಯೆ ಬಿಟ್ಟರೆ ಮತ್ತೆ ಮೊದಲಿಂದ ಶುರು.

ಕಾಲರ್ ಸೆಕ್ಷನ್‌ನ ಒಬ್ಬರ ಪಕ್ಕ ನಾನೇ ಕೂತು ನೋಡಿದೆ. ಡಬ್ಬಿ ಮುಚ್ಚಿಟ್ಟು, ಕೈಗೆ ಅಂಟಿದ್ದ ನೂಲು ಕೊಡವಿಕೊಂಡು, ಮಗನ ಫೋನ್ ಹಿಡಿದು ಕೂತರು. ಪರದೆ ತುಂಬಾ ಅಕ್ಷರ, ಓದಿ ಹೇಳುವ ದನಿ ಇಲ್ಲ. 'ಮುಂದೆ' ಬಟನ್ ಬೂದು ಬಣ್ಣದಲ್ಲೇ ಇತ್ತು, ಪಾಪ ಅದನ್ನೇ ಒತ್ತುತ್ತಾ ಇದ್ದರು. ಕೊನೆಗೆ ಪಕ್ಕದ ಹುಡುಗಿ ಓದಿ ಹೇಳಿದಳು. ಪರೀಕ್ಷೆ ಬಂದಾಗ ಅವಳೇ, "ಅಕ್ಕಾ, ಎಲ್ಲದಕ್ಕೂ ಕೊನೇದು ಒತ್ತು" ಅಂದಳು. ಹತ್ತು ಪ್ರಶ್ನೆಗೂ 'ಮೇಲಿನ ಎಲ್ಲವೂ' ಅನ್ನುವುದೇ ಸರಿ ಉತ್ತರ! ಹತ್ತಕ್ಕೆ ಹತ್ತು ಬಂತು, ಸರ್ಟಿಫಿಕೇಟೂ ಬಂತು. ಆಮೇಲೆ ಆಕೆ ಕೇಳಿದ್ದು ಇದು: "ಮೇಡಂ, ಕಂಪ್ಲೇಂಟ್ ಬರೆದು ಕೊಡ್ಬೇಕಂತಲ್ಲ, ನಂಗೆ ಬರೆಯಕ್ಕೆ ಬರಲ್ಲ. ಅಂಗಾರೆ ನಾನು ಕೊಡಂಗೇ ಇಲ್ವಾ?"

ನನಗೆ ಎದೆ ಧಸಕ್ ಅಂತು. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ, ಬರೆದು ಕೊಡಲು ಆಗದವರಿಗೆ ಕಂಪನಿಯೊಳಗೆ ದೂರು ಕೇಳುವ ಸಮಿತಿಯವರೇ ಸಹಾಯ ಮಾಡಿ ಬರೆಸಿಕೊಳ್ಳಬೇಕು. ನಿಮ್ಮ ಸ್ಲೈಡ್ "ದೂರನ್ನು ಲಿಖಿತವಾಗಿ ಮೂರು ತಿಂಗಳೊಳಗೆ ಸಲ್ಲಿಸತಕ್ಕದ್ದು" ಅಂತ ಹೇಳಿ ನಿಂತುಬಿಟ್ಟಿದೆ. ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಮಯ ಕೊಡಬಹುದು ಅನ್ನುವುದೂ ಇಲ್ಲ. ನಮ್ಮ ಸಮಿತಿಯವರ ಹೆಸರು, ನಂಬರ್ ನಾನೇ ಕಳಿಸಿದ್ದೆ, ಅದನ್ನೂ ಹಾಕಿಲ್ಲ. ಆದರೆ ಕೆಲಸದ ಜಾಗದ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ವಿಶಾಖಾ ತೀರ್ಪು ಬಂದದ್ದು 1997ರಲ್ಲಿ ಅಂತ ಒಂದು ಪೂರ್ತಿ ಪುಟ ಇದೆ. ಇಸವಿ ತಿಳಿದು ಆಕೆಗೆ ಏನಾಗಬೇಕು? ಯಾರ ಹತ್ತಿರ ಹೋಗಬೇಕು ಅನ್ನುವುದು ತಿಳಿಯಬೇಕಿತ್ತು, ಅಲ್ವಾ?

ನಿಮ್ಮ ರಿಪೋರ್ಟ್‌ನಲ್ಲಿ ಎಲ್ಲರ ಹೆಸರಿನ ಮುಂದೆಯೂ ಹಸಿರು ಟಿಕ್ ಇದೆ. ನನಗೆ ಭಯ ಇರುವುದೇ ಅದರ ಬಗ್ಗೆ. ನಾಳೆ ಯಾರಿಗಾದರೂ ಏನಾದರೂ ಆದರೆ, "ತರಬೇತಿ ಆಗಿತ್ತಲ್ಲ, ಯಾಕೆ ಬಂದು ಹೇಳಲಿಲ್ಲ" ಅಂತ ಆಕೆಯನ್ನೇ ಕೇಳುತ್ತಾರೆ.

ಕೋರ್ಸನ್ನು ಹೊಸದಾಗಿ ಮಾಡಿಕೊಡಿ. ಒಂದೊಂದು ತುಂಡು ಐದಾರು ನಿಮಿಷ ಇರಲಿ, ಬಿಟ್ಟಲ್ಲಿಂದಲೇ ಮುಂದುವರಿಯಲಿ, ನಾವು ಆಡುವ ಕನ್ನಡದಲ್ಲಿ ಒಬ್ಬ ಹೆಂಗಸಿನ ದನಿ ಇರಲಿ. ಲೈನಿನಲ್ಲಿ ನಡೆಯುವಂಥ ಒಂದು ಸಂದರ್ಭ ತೋರಿಸಿ, 'ಈಗ ನೀವೇನು ಮಾಡ್ತೀರಿ' ಅಂತ ಕೇಳಿ. ತಪ್ಪು ಒತ್ತಿದರೆ ಸುಮ್ನೆ ಕೆಂಪು ಗುರುತು ಹಾಕಬೇಡಿ, ಹಾಗೆ ಮಾಡಿದರೆ ಏನಾಗುತ್ತದೆ ಅನ್ನುವುದನ್ನು ತೋರಿಸಿ. ಸೂಪರ್‌ವೈಸರ್‌ಗಳಿಗೆ ಬೇರೆಯೇ ಪಾಠ ಬೇಕು, ಅವರು ಕಲಿಯಬೇಕಾದ್ದೇ ಬೇರೆ. ಮುಗಿಸುವ ಮೊದಲು ನಮ್ಮ ಆರು ಜನ ಟೈಲರ್‌ಗಳ ಕೈಗೆ ಫೋನ್ ಕೊಟ್ಟು, ನೀವು ಪಕ್ಕದಲ್ಲಿ ಮಾತಾಡದೆ ಕೂತು ನೋಡಿ. ಜಾಗ, ಸಮಯ ಎರಡನ್ನೂ ನಾನು ಮಾಡಿಕೊಡುತ್ತೇನೆ.

ಬರೆಯಲು ಬಾರದವರನ್ನು ಬಿಟ್ಟುಬಿಟ್ಟಿರುವ ಆ 'ಲಿಖಿತವಾಗಿ' ಸ್ಲೈಡನ್ನು ಮಾತ್ರ ಈ ವಾರದಲ್ಲೇ ಸರಿ ಮಾಡಿ, ಅದು ಕಾಯುವ ವಿಷಯ ಅಲ್ಲ. ಉಳಿದದ್ದಕ್ಕೆ 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಅಲ್ಲಿಯವರೆಗೆ ಎರಡನೇ ಕಂತಿನ ಬಿಲ್‌ಗೆ ನಾನು ಸಹಿ ಹಾಕುವುದಿಲ್ಲ.

ಇಂತಿ,
ವೆಲ್ಫೇರ್ ಆಫೀಸರ್
ದೊಡ್ಡಬಳ್ಳಾಪುರ