ಈ ವಾರ ನೋಡಬೇಕಾದ ಹಸ್ತಪ್ರತಿ: ಜಕಿಂಥಿಯಸ್

ಗೆಳೆಯರೇ, ನಮಸ್ಕಾರ.

ಈ ವಾರದ ಮಾತುಕತೆಗೆ ಕೋಡೆಕ್ಸ್ ಜಕಿಂಥಿಯಸ್ ಅನ್ನೋ ಗ್ರೀಕ್ ಹಸ್ತಪ್ರತಿಯನ್ನು ಆರಿಸಿದ್ದೇವೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಲೂಕನ ಸುವಾರ್ತೆಯ ಮೊದಲ ಹನ್ನೊಂದು ಅಧ್ಯಾಯಗಳ ಭಾಗ ಇದರಲ್ಲಿದೆ. ಬರೆದದ್ದು ಸುಮಾರು ಕ್ರಿ.ಶ. 700ರಲ್ಲಿ, ಚರ್ಮದ ಹಾಳೆಗಳ ಮೇಲೆ.

ಪುಟದಲ್ಲಿ ಮೂಲ ಪಾಠ ದೊಡ್ಡ ಅಕ್ಷರದಲ್ಲಿದೆ. ಅದರ ಸುತ್ತ ಒರಿಜೆನ್, ಸಿರಿಲ್ ಮುಂತಾದ ಹಳೆಯ ಕ್ರೈಸ್ತ ವಿದ್ವಾಂಸರ ವ್ಯಾಖ್ಯಾನ ಚಿಕ್ಕ ಅಕ್ಷರದಲ್ಲಿದೆ. ಹೊಸ ಒಡಂಬಡಿಕೆಯ ಹಸ್ತಪ್ರತಿಗಳಲ್ಲಿ ಮೂಲ, ವ್ಯಾಖ್ಯಾನ ಎರಡೂ ಹೀಗೆ ಒಟ್ಟಿಗಿರುವ ಅತಿ ಹಳೆಯದು ಇದೇ. ಆದರೆ ಬರಿಗಣ್ಣಿಗೆ ಓದೋಕೆ ತುಂಬಾ ಕಷ್ಟ! ಚರ್ಮ ದುಬಾರಿ ಅಲ್ವಾ? ಕೆಲವು ಶತಮಾನಗಳ ನಂತರ ಯಾರೋ ಹಳೆಯ ಬರಹ ಕೆರೆದು, ಹಾಳೆಗಳನ್ನು ಮಡಚಿ, ಪೂಜೆಯಲ್ಲಿ ಓದುವ ಪಾಠಗಳನ್ನು ಅಡ್ಡಲಾಗಿ ಬರೆದರು. ಈಚೆಗೆ ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಫೋಟೋ ತೆಗೆದು ಅಡಿಯ ಅಕ್ಷರಗಳನ್ನು ಓದಿದ್ದಾರೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಬೆರಗು.

1820ರಲ್ಲಿ ಗ್ರೀಸ್‌ನ ಜಕಿಂಥೋಸ್ ದ್ವೀಪದಲ್ಲಿ ಇದನ್ನು ಉಡುಗೊರೆಯಾಗಿ ಪಡೆದವರು ಜನರಲ್ ಕಾಲಿನ್ ಮೆಕಾಲೆ. ಹೈದರ್–ಟಿಪ್ಪು ಕಾಲದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದವರು ಇವರೇ. ಮುಂದೆ ತಿರುವಾಂಕೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆದರು. 2014ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯ ಇದನ್ನು 11 ಲಕ್ಷ ಪೌಂಡಿಗೆ ಕೊಂಡಿತು.

ಚಿತ್ರಗಳು ಅವರ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ. ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಒಂದು ಪುಟವನ್ನಾದರೂ ನಿಧಾನವಾಗಿ ದೊಡ್ಡದು ಮಾಡಿ ನೋಡಿ. ಪ್ರಶ್ನೆ ಹಾಕುವಾಗ ಹಾಳೆಯ ಸಂಖ್ಯೆ ಬರೆಯಿರಿ, ಎಲ್ಲರೂ ಅದೇ ಪುಟ ತೆರೆಯಬಹುದು.