ಆಸ್ಪತ್ರೆ ಎಲ್ಲಿಗೆ ಹೋಯ್ತು? ಮಕ್ಕಳ ಪುಸ್ತಿಕೆಗಾಗಿ ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ.

ಲಂಡನ್ನಿನ ನಮ್ಮ ಭಾನುವಾರದ ಕನ್ನಡ ಶಾಲೆಯ ಮಕ್ಕಳು ಈ ಸಲದ ಬಸವ ಜಯಂತಿಗೆ ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆಗೆ ಹೂ ಹಾಕಿ, ವಚನ ಹೇಳಿ, ಲ್ಯಾಂಬೆತ್ ಸೇತುವೆ ದಾಟಿ ಹಾರ್ಸ್‌ಫೆರಿ ರಸ್ತೆಗೆ ಬಂದರು. ಅಲ್ಲಿನ ಒಂದು ದೊಡ್ಡ ಕಟ್ಟಡ ತೋರಿಸಿ, "ಇದು ಮೊದಲು ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆ" ಅಂದೆವು. "ಮತ್ತೆ ಆಸ್ಪತ್ರೆ ಎಲ್ಲಿಗೆ ಹೋಯ್ತು?" ಅಂತ ಒಬ್ಬಳು ಪುಟ್ಟಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ಈಗ ಇರೋದು ದುಬಾರಿ ಫ್ಲ್ಯಾಟ್‌ಗಳು.

ಆ ಆಸ್ಪತ್ರೆ ಹುಟ್ಟಿದ್ದೇ ದೇಣಿಗೆಯಿಂದ. 1716ರಲ್ಲಿ ಬ್ಯಾಂಕರ್ ಹೆನ್ರಿ ಹೋರ್ ಮತ್ತು ಇನ್ನು ಮೂವರು ಫ್ಲೀಟ್ ಸ್ಟ್ರೀಟಿನ ಕಾಫಿ ಹೌಸಿನಲ್ಲಿ ಕೂತು, ಬಡ ರೋಗಿಗಳಿಗೆ ಏನಾದರೂ ಮಾಡೋಣ ಎಂದುಕೊಂಡರು. ಕೆಲಸ ಅಲ್ಲಿಗೇ ನಿಂತಿತು. 1719ರಲ್ಲಿ ಮತ್ತೆ ಸೇರಿದರು, ಚಂದಾ ಎತ್ತಿದರು. ಮರುವರ್ಷ ಪೆಟಿ ಫ್ರಾನ್ಸ್ ಬೀದಿಯ ಒಂದು ಮನೆಯಲ್ಲಿ ಆಸ್ಪತ್ರೆ ಶುರುವಾಯಿತು. 1724ರಲ್ಲಿ ಜಾಗ ಸಾಲದೆ ಚಾಪೆಲ್ ಸ್ಟ್ರೀಟಿಗೆ ಹೋಯಿತು.

ಮುಂದಿನದು ಯಾವ ಸಂಘದ ಮೀಟಿಂಗಿಗಾದರೂ ಹೋದವರಿಗೆ ಗೊತ್ತಿರುವ ಕಥೆಯೇ. ಹೊಸ ಕಟ್ಟಡ ಎಲ್ಲಿ ಅಂತ ಜಗಳ! ಒಂದು ಗುಂಪಿಗೆ ಹೈಡ್ ಪಾರ್ಕ್ ಕಾರ್ನರಿನ ಒಳ್ಳೆಯ ಗಾಳಿ ಬೇಕಿತ್ತು. ಬಡವರಿಗೆ ಅದು ದೂರ ಅಂತ ಇನ್ನೊಂದು ಗುಂಪು ಒಪ್ಪಲಿಲ್ಲ. 1733ರಲ್ಲಿ ಗಾಳಿಯ ಕಡೆಯವರು ಹೊರಗೆ ಹೋಗಿ ಸೇಂಟ್ ಜಾರ್ಜ್ ಆಸ್ಪತ್ರೆ ಕಟ್ಟಿಕೊಂಡರು. (ನಾವು ದೋಸೆಗೆ ಅಂತ ಹೋಗುವ ಟೂಟಿಂಗಿನಲ್ಲಿ ಇವತ್ತು ಇರುವುದು ಅದೇ. ಅದರ ಹಳೆಯ ಕಟ್ಟಡ ಈಗ ಐಷಾರಾಮಿ ಹೋಟೆಲ್.) ನಮ್ಮನ್ನು ಕೇಳಿದರೆ, ಉಳಿದವರ ವಾದವೇ ಸರಿ.

ಉಳಿದವರು 1735ರಲ್ಲಿ ಜೇಮ್ಸ್ ಸ್ಟ್ರೀಟಿಗೆ, 1834ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ದೊಡ್ಡ ಚರ್ಚಿನ ಎದುರಿಗೆ ಆಸ್ಪತ್ರೆ ಸಾಗಿಸಿದರು. ಕಾಲರಾ ಹರಡೋದು ಕೊಳಕು ನೀರಿನಿಂದ ಎಂದು ತೋರಿಸಿದ ಜಾನ್ ಸ್ನೋ ವಿದ್ಯಾರ್ಥಿಯಾಗಿ ಓಡಾಡಿದ್ದು ಈ ಅಬೆ ಎದುರಿನ ವಾರ್ಡುಗಳಲ್ಲೇ. 1939ರಲ್ಲಿ ಹಾರ್ಸ್‌ಫೆರಿ ರಸ್ತೆಗೆ ಬಂತು. 1992ರಲ್ಲಿ ಬಾಗಿಲು ಹಾಕಿತು. ಮರುವರ್ಷ ಫುಲ್‌ಹ್ಯಾಮ್ ರಸ್ತೆಯಲ್ಲಿ ತೆರೆದ ಚೆಲ್ಸಿ ಅಂಡ್ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯಲ್ಲಿ ಈಗ ಉಳಿದಿರುವುದು ಹೆಸರಿನ ಅರ್ಧ.

ಮಕ್ಕಳೇ ಈ ಕಥೆಯನ್ನು ಕನ್ನಡದಲ್ಲಿ ಬರೆದಿದ್ದಾರೆ. ಕಾಗುಣಿತ ಅಲ್ಲಲ್ಲಿ ತಪ್ಪಿದೆ, ತಿದ್ದುತ್ತಿದ್ದೇವೆ. ಐದೂ ಜಾಗಗಳ ನಕ್ಷೆ ಬಿಡಿಸಿದ್ದಾರೆ. ಇದನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಇಲ್ಲಿನ ಮತ್ತು ಊರಿನ ಕನ್ನಡ ಶಾಲೆಗಳಿಗೆ ಪುಕ್ಕಟೆ ಹಂಚುವ ಆಸೆ. ಶಾಲೆಯ ಹುಂಡಿಯಲ್ಲಿರುವ ದುಡ್ಡು ಹಾಲ್ ಬಾಡಿಗೆಗೇ ಸರಿಹೋಗುತ್ತದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇವೆ.

ಐದು ಪೌಂಡ್ ಕೊಟ್ಟರೂ ಸಂತೋಷ, ಜಾಸ್ತಿ ಕೊಟ್ಟರೆ ಬೇಡ ಅನ್ನಲ್ಲ. ಆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಡಾಕ್ಟರು, ನರ್ಸುಗಳು ನಿಮ್ಮ ಮನೆಯಲ್ಲಿದ್ದರೆ ಅವರ ಒಂದು ಹಳೆಯ ಫೋಟೋ, ಎರಡು ನೆನಪು ಕೊಡಿ. ನಮಗೆ ಅದು ದುಡ್ಡಿಗಿಂತ ಮೊದಲು ಬೇಕು.

ಭಾನುವಾರ ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರದ ಮೇಜಿನಲ್ಲಿ ಕವರ್ ಕೊಟ್ಟು ರಸೀದಿ ತಗೊಳ್ಳಿ. ಖರ್ಚಿನ ಲೆಕ್ಕವನ್ನು ಪುಸ್ತಿಕೆಯ ಕೊನೆಯ ಪುಟದಲ್ಲೇ ಅಚ್ಚು ಹಾಕಿಸುತ್ತೇವೆ.

ಇತಿ,
ಶಾಲೆಯ ಶಿಕ್ಷಕರು ಮತ್ತು ಪೋಷಕರು