ಎಕ್ಕ ಕಳೆಯಲ್ಲ

ಸಂಪಾದಕರೇ,

ನಮ್ಮೂರ ಪಾರ್ಕಿನ ಬೇಲಿ ಬದಿಯಲ್ಲಿ ಒಂದು ಎಕ್ಕದ ಗಿಡ ಇತ್ತು. ರೆಕ್ಕೆಯ ತುದಿ ಕಪ್ಪಗಿರುವ ಕಿತ್ತಳೆ ಬಣ್ಣದ ಚಿಟ್ಟೆ ಅದರಲ್ಲೇ ಮೊಟ್ಟೆ ಇಡುತ್ತಿತ್ತು. ಹುಳುಗಳು ಆ ಎಲೆ ತಿಂದೇ ಬೆಳೆಯುತ್ತಿದ್ದವು. ಮೊಮ್ಮಗಳಿಗೆ ತೋರಿಸೋಣ ಅಂತ ಭಾನುವಾರ ಹೋದರೆ ಗಿಡವೇ ಇಲ್ಲ. ಕಳೆ ಅಂತ ಕಡಿದು ಹಾಕಿದ್ದಾರೆ. ಅಲ್ಲೀಗ ಸಿಮೆಂಟಿನ ಜಿಂಕೆ ನಿಂತಿದೆ!

2023ರಲ್ಲಿ ಕಾಸರಗೋಡು ಜಿಲ್ಲೆ ಕಾಸರಕವನ್ನು ತನ್ನ ಮರ, ಬಿಳಿ ಹೊಟ್ಟೆಯ ಕಡಲ ಹದ್ದನ್ನು ತನ್ನ ಹಕ್ಕಿ ಎಂದು ಘೋಷಿಸಿತು. ಖುಷಿಯೇ. ಕಾಸರಕದ ಬೀಜ ವಿಷ, ಮಕ್ಕಳು ಆಡುವಲ್ಲಿ ಬೇಡ ಬಿಡಿ. ಆದರೆ ಪಾರ್ಕಿನ ಒಂದು ಮೂಲೆಯನ್ನಾದರೂ ಸುಮ್ನೆ ಬಿಡಬಹುದಲ್ಲ? ತರಗೆಲೆ ಸುಡಬೇಡಿ. ಎರಡು ಕರಿಬೇವಿನ ಗಿಡ ನೆಡಿ, ಅದನ್ನು ಹುಡುಕಿಕೊಂಡು ಬರುವ ಚಿಟ್ಟೆಯೇ ಬೇರೆ. ಜಿಂಕೆಗಿಂತ ಖರ್ಚೂ ಕಡಿಮೆ, ಅಲ್ವಾ?

– ಓದುಗ, ಕಾಸರಗೋಡು